ರಸ್ತೆಯ ಬದಿಗೆ ಬೇಲಿ ಬೇಕೆ?

ಫ್ರಾನ್ಸು ದೇಶದಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜುಲೈ ತಿಂಗಳಿನಲ್ಲಿ, ಮೂರು ವಾರಗಳ ಕಾಲ ನಡೆಯುವ ಟೂರ್ ಡಿ ಫ್ರಾನ್ಸ್ ಎಂಬ ಬೈಸಿಕಲ್ ಪಂದ್ಯಕ್ಕೆ ಬಹುಮಟ್ಟಿನ ದೊಡ್ಡ ಪಂದ್ಯಗಳಿಗಿಲ್ಲದ ಒಂದು ವೈಶಿಷ್ಟ್ಯವುಂಟು. ಅದಕ್ಕೆ ಮೈದಾನವಿಲ್ಲ, ಬಾಗಿಲಿಲ್ಲ, ಬಾಗಿಲಲ್ಲಿ ನಿಂತು ಚೀಟಿ ಹರಿಯುವವನಿಲ್ಲ. ಹೆದ್ದಾರಿ, ಹಳ್ಳಿಯ ಬೀದಿ, ಗಿರಿಮಾರ್ಗಗಳೇ ಅದರ ಕಣ. ಆ ಕಣದ ಅಂಚಿಗೆ ಬಂದು ನಿಂತವರೆಲ್ಲರೂ ಅದರ ಪ್ರೇಕ್ಷಕರು. ಈಚಿನ ವರ್ಷಗಳಲ್ಲಿ ಈ ಸ್ವಾತಂತ್ರ್ಯವನ್ನು ಕುರಿತು ಎರಡು ಬಗೆಯ ಆಕ್ಷೇಪಗಳು ಕೇಳಿಬರುತ್ತಿವೆ. ದಾರಿಯ ಬದಿಯಲ್ಲಿ ನಿಂತು ನೋಡುವುದೇ ಮೌಢ್ಯವೆಂಬುದು ಮೊದಲನೆಯದು. ಹಾಗೆ ನಿಂತವರು ಸವಾರರಿಗೆ ಉಪದ್ರವವಾಗಿರುವುದರಿಂದ ಪ್ರಸಿದ್ಧವಾದ ಗಿರಿಮಾರ್ಗಗಳಿಗೆ ಬೇಲಿ ಹಾಕಿ ಪ್ರವೇಶಧನ ವಿಧಿಸಬೇಕೆಂಬುದು ಎರಡನೆಯದು. ಮೊದಲನೆಯ ಆಕ್ಷೇಪದಲ್ಲಿ ಹುರುಳಿಲ್ಲ. ಎರಡನೆಯದರಲ್ಲಿ ಹುರುಳುಂಟು, ಆದರೆ ಅದು ಸೂಚಿಸುವ ಮದ್ದು ರೋಗಕ್ಕೆ ತಕ್ಕುದಲ್ಲ.

ಮೊದಲನೆಯ ಪಕ್ಷದವರ ಲೆಕ್ಕವನ್ನು ಮೊದಲು ನೋಡಬೇಕು. ಸಮತಟ್ಟಾದ ರಸ್ತೆಯಲ್ಲಿ ಸವಾರರ ಗುಂಪು ಗಂಟೆಗೆ ಸುಮಾರು 45 ಕಿಲೋಮೀಟರು ವೇಗದಿಂದ ಸಾಗುತ್ತದೆ; ಎಂದರೆ ಕ್ಷಣಕ್ಕೆ ಹನ್ನೆರಡೂವರೆ ಮೀಟರು. ಗುಂಪಿನ ಉದ್ದ ಇನ್ನೂರು ಮೀಟರೆಂದು ಹಿಡಿದರೆ, ಒಂದೆಡೆ ನಿಂತವನ ಕಣ್ಣ ಮುಂದೆ ಅದು ಹಾದುಹೋಗಲು ಹದಿನಾರು ಸೆಕೆಂಡು ಸಾಕು. ಅಷ್ಟಕ್ಕಾಗಿ ಬೆಳಗಿನಿಂದ ಬಿಸಿಲಿನಲ್ಲಿ ಕಾದಿರುವುದೇಕೆ? ಮನೆಯಲ್ಲಿ ಕುಳಿತರೆ ದೂರದರ್ಶನವು ಐದಾರು ಗಂಟೆಗಳ ಕಾಲ ಪಂದ್ಯದ ಆದ್ಯಂತವನ್ನೂ ತೋರಿಸುತ್ತದೆಯಲ್ಲವೆ? ಹೀಗೆಂದು ಅವರು ಕೇಳುತ್ತಾರೆ.

ಲೆಕ್ಕವೇನೋ ಸರಿ. ಅದರಿಂದ ತೆಗೆದ ತೀರ್ಮಾನ ಮಾತ್ರ ಸರಿಯಲ್ಲ. ಯಾರು ಮುಂದೆ, ಯಾರು ಹಿಂದೆ, ಎಷ್ಟು ನಿಮಿಷದ ಅಂತರ ಎಂಬುದನ್ನು ತಿಳಿಯುವುದಕ್ಕೆ ದೂರದರ್ಶನವೇ ಮೇಲು, ಇದನ್ನು ಅಲ್ಲಗಳೆಯುವವರಿಲ್ಲ. ಆದರೆ ಎತ್ತರದಿಂದ ತೆಗೆದ ಚಿತ್ರದಲ್ಲಿ ಬೆಟ್ಟವು ಚಪ್ಪಟೆಯಾಗುತ್ತದೆ, ವೇಗವು ಮೆದುವಾಗುತ್ತದೆ. ಸುಮಾರು 180 ಮಂದಿ ಸವಾರರು ಒಟ್ಟಾಗಿ ಬರುವಾಗ ಎದ್ದು ಮುಖಕ್ಕೆ ಬಡಿಯುವ ಗಾಳಿಯನ್ನೂ, ಸರಪಳಿಗಳ ಸದ್ದನ್ನೂ, ಭುಜಕ್ಕೆ ಭುಜ ತಾಗುವಷ್ಟು ಇಕ್ಕಟ್ಟಿನಲ್ಲಿ ಅವರು ತೂಗಿಕೊಂಡು ಹೋಗುವ ಧೈರ್ಯವನ್ನೂ ಆ ಹದಿನಾರು ಸೆಕೆಂಡುಗಳು ತಿಳಿಸುವಷ್ಟು ಸ್ಪಷ್ಟವಾಗಿ ಯಾವ ಯಂತ್ರವೂ ತಿಳಿಸಲಾರದು. ಗಿರಿಮಾರ್ಗಗಳಲ್ಲಿಯಂತೂ ನೋಟದ ಕಾಲವೇ ಬೇರೆ. ಆಲ್ಪ್ಸ್ ಪರ್ವತಗಳಲ್ಲಿರುವ ಆಲ್ಪ್ ದ್ಯುಯೆಜ್ ಎಂಬ ಏರುದಾರಿ 13.8 ಕಿಲೋಮೀಟರು ಉದ್ದವುಳ್ಳದ್ದು, 21 ತಿರುವುಗಳುಳ್ಳದ್ದು. ಅಲ್ಲಿ ಅಗ್ರಗಾಮಿಯೂ ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿಯೇ ಏರಬೇಕು. ಅವನು ಹೋದ ಅರ್ಧ ಗಂಟೆಯ ತರುವಾಯವೂ ಹಿಂದುಳಿದವರು ಒಬ್ಬರ ಹಿಂದೊಬ್ಬರು ಬರುತ್ತಲೇ ಇರುತ್ತಾರೆ. ಗೊತ್ತಾದ ವೇಳೆಯೊಳಗೆ ಮುಟ್ಟದಿದ್ದರೆ ಮರುದಿನದ ಸವಾರಿ ಇಲ್ಲವೆಂಬ ಭಯದಿಂದ ಹಲ್ಲುಕಚ್ಚಿ ತುಳಿಯುವ ಈ ಕಡೆಯವರನ್ನು ದೂರದರ್ಶನವು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ದಾರಿಯ ಬದಿಯವನು ಬಿಡುವುದಿಲ್ಲ. ಗೆಲ್ಲುವವನಿಗೆ ತಟ್ಟಿದಷ್ಟೇ ಚಪ್ಪಾಳೆಯನ್ನು ಅವನು ಕಟ್ಟಕಡೆಯವನಿಗೂ ತಟ್ಟುತ್ತಾನೆ.

ಕಾಯುವುದು ವ್ಯರ್ಥವೆಂಬ ಮಾತೂ ಅಷ್ಟೇ. ಪಂದ್ಯ ಬರುವುದಕ್ಕೆ ಎಷ್ಟೋ ಗಂಟೆಗಳ ಮೊದಲೇ ರಸ್ತೆಯಲ್ಲಿ ವಾಹನಸಂಚಾರ ನಿಲ್ಲುತ್ತದೆ. ಆಗ ಮೋಟಾರುಗಳ ಸ್ವತ್ತಾಗಿದ್ದ ಮಾರ್ಗವು ಅರೆದಿನದ ಮಟ್ಟಿಗೆ ನಡೆಯುವವರ ಸ್ವತ್ತಾಗುತ್ತದೆ. ಅಜ್ಜಿಯರು ಕುರ್ಚಿ ತಂದು ಹಾಕಿಕೊಳ್ಳುತ್ತಾರೆ, ಬುತ್ತಿ ಬಿಚ್ಚುತ್ತದೆ, ಮೆಚ್ಚಿನ ಸವಾರರ ಹೆಸರುಗಳನ್ನು ಹುಡುಗರು ಟಾರಿನ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ. 1930ರಲ್ಲಿ ಆರಂಭವಾದ ಜಾಹೀರಾತಿನ ಮೆರವಣಿಗೆಯು ಸವಾರರಿಗಿಂತ ಮುಂದಾಗಿ ಬಂದು ಟೋಪಿ, ತಿಂಡಿಗಳನ್ನು ಎರಚಿಹೋಗುತ್ತದೆ. ತೇರನ್ನು ನೋಡಹೋದವರು ತೇರು ಕಣ್ಣಿಗೆ ಬಿದ್ದ ನಿಮಿಷವನ್ನು ಮಾತ್ರ ಹಬ್ಬವೆಂದು ಎಣಿಸುವುದುಂಟೆ?

ಇನ್ನು ಎರಡನೆಯ ಪಕ್ಷ. ಇವರು ಕೊಡುವ ದೃಷ್ಟಾಂತಗಳು ಸುಳ್ಳಲ್ಲ. ಪಂದ್ಯವು ಆರಂಭವಾದದ್ದು 1903ರಲ್ಲಿ. ಮರುವರ್ಷವೇ, ಎಂದರೆ 1904ರಲ್ಲಿ, ಸೇಂತ್ ಎತಿಯೆನ್ ಪಟ್ಟಣದ ಬಳಿ ತಮ್ಮೂರ ಸವಾರನನ್ನು ಗೆಲ್ಲಿಸಬೇಕೆಂದು ಜನರು ಕತ್ತಲೆಯಲ್ಲಿ ಉಳಿದವರ ಮೇಲೆ ಬಿದ್ದು ಹೊಡೆದರು. 1950ರಲ್ಲಿ ಕೋಲ್ ದಾಸ್ಪೆನ್ ಎಂಬ ಕಣಿವೆದಾರಿಯಲ್ಲಿ ಇಟಲಿಯ ಜೀನೋ ಬಾರ್ತಾಲಿಯ ಮೇಲೆ ಜನರು ಕೈಮಾಡಲು ಇಟಲಿಯವರೆಲ್ಲರೂ ಪಂದ್ಯವನ್ನೇ ಬಿಟ್ಟುಹೋದರು; ಅವರಲ್ಲಿ ಅಗ್ರಸ್ಥಾನದ ಹಳದಿ ಅಂಗಿಗೆ ಹಕ್ಕುದಾರನಾಗಿದ್ದ ಫಿಯೊರೆಂಜೊ ಮಾಞಿಯೂ ಒಬ್ಬನು. 1975ರಲ್ಲಿ ಪ್ವಿ ದ ದೋಮ್ ಶಿಖರದ ದಾರಿಯಲ್ಲಿ, ಐದು ಸಲ ಗೆದ್ದಿದ್ದ ಎಡ್ಡಿ ಮರ್ಕ್ಸನ ಹೊಟ್ಟೆಗೆ ಒಬ್ಬ ಪ್ರೇಕ್ಷಕನು ಗುದ್ದಿದನು. 2016ರಲ್ಲಿ ಮಾಂ ವಾಂತೂ ಬೆಟ್ಟದ ಮೇಲೆ ಜನಜಂಗುಳಿಯಲ್ಲಿ ಮೋಟಾರು ಸೈಕಲ್ಲು ಸಿಕ್ಕಿಕೊಳ್ಳಲು, ಅದಕ್ಕೆ ಹಿಂದಿನಿಂದ ಬಂದ ಸವಾರರು ಡಿಕ್ಕಿ ಹೊಡೆದರು. ಹಳದಿ ಅಂಗಿಯ ಕ್ರಿಸ್ ಫ್ರೂಮನು ಬೈಸಿಕಲ್ಲು ಮುರಿದು, ಬೆಟ್ಟವನ್ನು ಓಡುತ್ತ ಏರಬೇಕಾಯಿತು. 2018ರಲ್ಲಿ ಆಲ್ಪ್ ದ್ಯುಯೆಜ್‌ನ ಗದ್ದಲದ ನಡುವೆ ವಿಂಚೆಂಜೊ ನೀಬಾಲಿ ಬಿದ್ದು ಬೆನ್ನೆಲುಬು ಮುರಿದುಕೊಂಡನು. ಇಂಥ ಪಟ್ಟಿಯನ್ನು ಮುಂದಿಟ್ಟು, ಇನ್ನು ಹಣ ಕೊಟ್ಟವರನ್ನು ಮಾತ್ರ ಬೇಲಿಯ ಹಿಂದೆ ನಿಲ್ಲಿಸೋಣವೆನ್ನುವವರ ಮನಸ್ಸಿನಲ್ಲಿ ಸವಾರರ ಪ್ರಾಣದ ಚಿಂತೆಯಿದೆಯೆಂಬುದನ್ನು ಒಪ್ಪಲೇಬೇಕು. ಅದರ ಜೊತೆಯಲ್ಲಿ ಬೊಕ್ಕಸದ ಚಿಂತೆಯೂ ಇದೆಯೆಂಬುದನ್ನು ಅವರೂ ಒಪ್ಪಬೇಕು. ಸವಾರರ ತಂಡಗಳಿಗೆ ಬಾಗಿಲ ಹಣದ ಆದಾಯವಿಲ್ಲ. ಪೋಷಕ ವ್ಯಾಪಾರಸಂಸ್ಥೆಗಳು ಕೈಬಿಟ್ಟ ದಿನ ತಂಡವೂ ಮುಳುಗುತ್ತದೆ. ಕಷ್ಟವು ನಿಜವಾದದ್ದು.

ಆದರೆ ಬೇಲಿಯಿಂದಾಗಲಿ ಚೀಟಿಯಿಂದಾಗಲಿ ಈ ಎರಡು ಚಿಂತೆಗಳಲ್ಲಿ ಯಾವುದೂ ತೀರುವಂತಿಲ್ಲ. ಪಂದ್ಯದ ಒಟ್ಟು ದೂರ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು. ಪ್ರತಿ ಮಜಲಿನ ಕೊನೆಯಲ್ಲಿ ಈಗಲೂ ಕಟಕಟೆಗಳುಂಟು. ಅಲ್ಲಿ ಅವು ಇರಬೇಕಾದದ್ದೇ. ಉಳಿದ ದಾರಿಗೆಲ್ಲ ಬೇಲಿ ಹಾಕುವುದು ಯಾರಿಂದಲೂ ಆಗದ ಕೆಲಸವಾದುದರಿಂದ, ಈ ಸಲಹೆಯು ಕೊನೆಗೆ ನಾಲ್ಕು ಪ್ರಸಿದ್ಧ ಬೆಟ್ಟಗಳಿಗೆ ಮಾತ್ರ ನಿಲ್ಲುತ್ತದೆ. ಅಪಾಯವು ಅಲ್ಲಿಗೇ ನಿಲ್ಲುವುದೆ? 2021ರ ಜೂನ್ 26ರಂದು ಬ್ರೆಸ್ಟ್‌ನಿಂದ ಹೊರಟ ಮೊದಲನೆಯ ಮಜಲಿನಲ್ಲಿ ಗುಂಪಿನ ಬಹುಭಾಗವು ನೆಲಕ್ಕುರುಳಿದ್ದು ಯಾವ ಪ್ರಸಿದ್ಧ ಶಿಖರದ ಮೇಲೂ ಅಲ್ಲ, ಬ್ರಿಟನಿ ಪ್ರಾಂತದ ಒಂದು ಸಾಧಾರಣ ರಸ್ತೆಯಲ್ಲಿ. ಮೇಲಾಗಿ, ಹಣ ತೆತ್ತವನು ಸಭ್ಯನಾಗುವನೆಂಬುದಕ್ಕೆ ಆಧಾರವೇನು? ದುಬಾರಿ ಚೀಟಿ ಕೊಂಡವರಿಂದಲೇ ತುಂಬಿದ ಕಾಲ್ಚೆಂಡಿನ ಕ್ರೀಡಾಂಗಣಗಳಲ್ಲಿ ನಡೆಯುವ ರಂಪಗಳನ್ನು ಬಲ್ಲವರು ಹಾಗೆ ಹೇಳಲಾರರು. ದುಡ್ಡು ಕೊಟ್ಟವನಿಗೆ ಹಕ್ಕಿನ ಭಾವನೆ ಬೆಳೆಯುವುದೇ ಹೆಚ್ಚು, ಹೊಣೆಯ ಭಾವನೆಯಲ್ಲ.

ಹಣದ ವಾದಕ್ಕೂ ಉತ್ತರವುಂಟು. ದಾರಿಯ ಬದಿಯವನು ಏನನ್ನೂ ಕೊಡದೆ ನೋಡುತ್ತಾನೆಂಬುದೇ ತಪ್ಪು. ರಸ್ತೆಯು ಅವನ ತೆರಿಗೆಯಿಂದಾದದ್ದು. ಪಂದ್ಯವು ತಮ್ಮಲ್ಲಿಂದ ಹೊರಡಬೇಕು, ತಮ್ಮಲ್ಲಿ ಮುಗಿಯಬೇಕು ಎಂದು ಪಟ್ಟಣಗಳು ವ್ಯವಸ್ಥಾಪಕರಿಗೆ ಹಣ ತೆರುತ್ತವೆ. ಆ ಹಣವೂ ಊರ ಜನರದೇ. ಇದಲ್ಲದೆ ಪಂದ್ಯವು ಹುಟ್ಟಿದ್ದೇ ದಾರಿಯ ಬದಿಯವರನ್ನು ನಂಬಿ. ಆಂರಿ ದೆಗ್ರಾಂಜನ ಸಂಪಾದಕತ್ವದಲ್ಲಿದ್ದ ಲೋತೊ ಎಂಬ ಪತ್ರಿಕೆಯು ತನ್ನ ಪ್ರತಿಸ್ಪರ್ಧಿಯನ್ನು ಮೀರಿಸುವುದಕ್ಕಾಗಿ 1903ರಲ್ಲಿ ಈ ಪಂದ್ಯವನ್ನು ಏರ್ಪಡಿಸಿತು. ಆರು ಮಜಲು, 2,428 ಕಿಲೋಮೀಟರು. ಹೊರಟವರು 60 ಮಂದಿ, ಮುಗಿಸಿದವರು 21 ಮಂದಿ, ಗೆದ್ದವನು ಮೋರಿಸ್ ಗಾರೆಂ. ಸವಾರರು ಮನೆಯ ಮುಂದೆ ಹಾದುಹೋದದ್ದನ್ನು ಕಂಡವರು ಮರುದಿನ ಅವರ ಸುದ್ದಿಯನ್ನು ಓದಲು ಪತ್ರಿಕೆಯನ್ನು ಕೊಂಡರು. ಪ್ರತಿಸ್ಪರ್ಧಿಯು ಮರುವರ್ಷವೇ ಮುಚ್ಚಿಹೋಯಿತು. ಇಂದಿಗೂ ಪೋಷಕಸಂಸ್ಥೆಗಳು ಹಣ ಸುರಿಯುವುದು ಆ ಜನಸಾಗರವನ್ನು ಕಂಡೇ. ಬರಿದಾದ ಬೆಟ್ಟದ ಮೇಲೆ ಏರುವ ಸವಾರನ ಚಿತ್ರವನ್ನು ಕೊಳ್ಳುವವರಾರು? 2022ರಲ್ಲಿ ಹೊಸದಾಗಿ ಆರಂಭವಾದ ಸ್ತ್ರೀಯರ ಟೂರ್ ಪಂದ್ಯವು ಬೇಗನೆ ಜನಪ್ರಿಯವಾದದ್ದಕ್ಕೂ ಬೆಲೆಯಿಲ್ಲದೆ ಬಂದು ನಿಂತ ಜನರೇ ಒಂದು ಕಾರಣ. ಇನ್ನೊಂದು ಸಂಗತಿ. ಒಂದು ಕಾಲದಲ್ಲಿ ಪಂದ್ಯವು ಪ್ಯಾರಿಸಿನ ಕ್ರೀಡಾಂಗಣದ ಗೋಡೆಗಳೊಳಗೆ ಮುಗಿಯುತ್ತಿತ್ತು. 1975ರಲ್ಲಿ ಅದು ಶಾಂಜ್ ಎಲಿಜೆ ಎಂಬ ರಾಜಮಾರ್ಗಕ್ಕೆ ಬಂದಿತು. ಗೋಡೆಯನ್ನು ಬಿಟ್ಟು ಬಯಲಿಗೆ ಬಂದದ್ದರಿಂದ ಪಂದ್ಯದ ಕೀರ್ತಿ ಹೆಚ್ಚಿತೇ ಹೊರತು ಕುಂದಲಿಲ್ಲ. ಈಗ ಬಯಲಿನಿಂದ ಗೋಡೆಯೊಳಕ್ಕೆ ಮರಳೆನ್ನುವುದು ಹಿನ್ನಡೆ.

ಬೇಲಿಯ ವಾದವನ್ನು ಹೀಗೆ ಖಂಡಿಸಿದ ಮಾತ್ರಕ್ಕೆ ದಾರಿಯ ಬದಿಯವನು ನಿರ್ದೋಷಿಯಾಗುವುದಿಲ್ಲ. ಬೇಲಿಯನ್ನು ಬೇಡುವವರಿಗೆ ಪ್ರತಿ ವರ್ಷವೂ ಹೊಸ ಕಾರಣವನ್ನು ಒದಗಿಸುತ್ತಿರುವವನು ಅವನೇ. ಹಳೆಯ ಕಾಲದ ಪುಂಡನು ಕೋಪದಿಂದ ಹೊಡೆಯುತ್ತಿದ್ದನು. ಆ ಜಾತಿ ಇನ್ನೂ ಅಳಿದಿಲ್ಲ. 2025ರ ಪ್ಯಾರಿಸ್–ರೂಬೆ ಪಂದ್ಯದಲ್ಲಿ ಮಾತ್ಯೂ ಫಾನ್ ಡೆರ್ ಪೂಲನ ಮುಖಕ್ಕೆ ನೀರಿನ ಸೀಸೆ ಎಸೆದವನು ಅದಕ್ಕೆ ಸೇರಿದವನು. ಅದಕ್ಕಿಂತಲೂ ಹೆಚ್ಚು ಹಬ್ಬುತ್ತಿರುವುದು ಬೇರೊಂದು ಬಗೆ. ಅದಕ್ಕೆ ಕೋಪವಿಲ್ಲ, ದ್ವೇಷವಿಲ್ಲ, ಪಂದ್ಯದ ಕಡೆಗೆ ಲಕ್ಷ್ಯವೂ ಇಲ್ಲ. 1999ರಲ್ಲಿ ಆಲ್ಪ್ ದ್ಯುಯೆಜ್‌ನಲ್ಲಿ ಮುಂದಾಗಿದ್ದ ಜುಸೆಪ್ಪೆ ಗ್ವೆರೀನಿಯನ್ನು ಕೆಡವಿದವನು ನಡುರಸ್ತೆಯಲ್ಲಿ ಚಿತ್ರ ತೆಗೆಯುತ್ತ ನಿಂತಿದ್ದ ಒಬ್ಬ ಹುಡುಗ. ಗ್ವೆರೀನಿ ಎದ್ದು ಗೆದ್ದದ್ದು ಪುಣ್ಯ. 2021ರಲ್ಲಿ ಬ್ರಿಟನಿಯ ಅಪಘಾತಕ್ಕೆ ಕಾರಣವಾದ ರಟ್ಟಿನ ಫಲಕವು ದೂರದರ್ಶನದವರ ಕಣ್ಣಿಗೆ ಬೀಳಲೆಂದು ರಸ್ತೆಯೊಳಕ್ಕೆ ಚಾಚಿತ್ತು. ಅದನ್ನು ಹಿಡಿದವರ ಬೆನ್ನು ಬರುತ್ತಿರುವ ಸವಾರರ ಕಡೆಗಿತ್ತು. 2023ರಲ್ಲಿ ಮತ್ತೊಬ್ಬರು ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳುವ ಭರದಲ್ಲಿ ಕೈಚಾಚಿ ಸೆಪ್ ಕುಸ್ಸನಿಗೆ ತಗುಲಿಸಿ, ಅವನ ಹಿಂದಿದ್ದ ಅನೇಕರನ್ನೂ ಬೀಳಿಸಿದರು. ನೋಡಬಂದವನು ತಾನೇ ನೋಟವಾಗಬೇಕೆಂದು ಬಯಸಿದನು. ಅನರ್ಥದ ಮೂಲ ಇಷ್ಟೇ. ಸವಾರನ ಪಕ್ಕದಲ್ಲಿ ವೇಷ ತೊಟ್ಟು ಓಡುವವನು, ಹೊಗೆಬತ್ತಿ ಹಚ್ಚಿ ಏದುಸಿರಿನವನ ಮೂಗಿಗೆ ಹಿಡಿಯುವವನು, ಬಾವುಟದ ತುದಿಯನ್ನು ಕೈಗೋಲಿಗೆ ಸಿಕ್ಕಿಸುವವನು, ಎಲ್ಲರದೂ ಅದೇ ಬಯಕೆ.

ಮುಟ್ಟದೆ ಹತ್ತಿರವಿರುವುದು ಪ್ರೇಕ್ಷಕನ ಧರ್ಮ. ಹಿಂದಿನ ಕಾಲದ ವ್ಯವಸ್ಥಾಪಕರು ಈ ಧರ್ಮವನ್ನು ಅತಿಗೆ ಒಯ್ದದ್ದೂ ಉಂಟು. 1913ರಲ್ಲಿ ತೂರ್ಮಾಲೆ ಬೆಟ್ಟವನ್ನು ಇಳಿಯುವಾಗ ಎಜೆನ್ ಕ್ರಿಸ್ತೋಫನ ಬೈಸಿಕಲ್ಲಿನ ಮುಂಗವಲು ಮುರಿಯಿತು. ಅವನು ಅದನ್ನು ಹೊತ್ತು ಎಷ್ಟೋ ದೂರ ನಡೆದು, ಸೇಂತ್ ಮಾರೀ ದ ಕಾಂಪಾಂ ಎಂಬ ಹಳ್ಳಿಯ ಕುಲುಮೆಯಲ್ಲಿ, ಪರಸಹಾಯ ಕೂಡದೆಂಬ ನಿಯಮಕ್ಕೆ ಬದ್ಧನಾಗಿ ತಾನೇ ಬೆಸೆದುಕೊಂಡನು. ಒಬ್ಬ ಹುಡುಗನು ತಿದಿಯನ್ನು ಒತ್ತಿದ್ದಕ್ಕಾಗಿ ಕ್ರಿಸ್ತೋಫನಿಗೆ ಕಾಲದ ದಂಡ ಬಿದ್ದಿತು. ಅಷ್ಟು ಕಟ್ಟುನಿಟ್ಟು ಇಂದು ಬೇಕಿಲ್ಲ. ಆದರೂ ಆ ಕುಲುಮೆಯ ಸುತ್ತ ನಿಂತವರು ಸವಾರನ ಬವಣೆ ಸವಾರನದೇ ಎಂಬುದನ್ನು ಅರಿತಿರಬೇಕಾಗಿತ್ತು. ಇಂದಿನವರಿಗೂ ಆ ಅರಿವು ಬೇಕು.

ಹಾಗಾದರೆ ಮಾಡತಕ್ಕದ್ದೇನು? ತಪ್ಪು ಮಾಡಿದವರನ್ನು ಹಿಡಿದು ದಂಡಿಸುವುದು. ಫಲಕ ಹಿಡಿದವರಿಗೆ ಬ್ರೆಸ್ಟ್‌ನ ನ್ಯಾಯಾಲಯವು 2021ರ ಡಿಸೆಂಬರಿನಲ್ಲಿ 1,200 ಯೂರೋ ದಂಡ ವಿಧಿಸಿತು. ಒಬ್ಬರ ತಪ್ಪಿಗೆ ಒಬ್ಬರಿಗೆ ಶಿಕ್ಷೆ, ಇದು ನ್ಯಾಯ. ಒಬ್ಬರ ತಪ್ಪಿಗೆ ಅಜ್ಜಿಯ ಕುರ್ಚಿಯನ್ನು ಬೇಲಿಯಾಚೆಗೆ ದಬ್ಬುವುದು ನ್ಯಾಯವಲ್ಲ. ಅಕ್ಕಪಕ್ಕದವರೂ ಸುಮ್ಮನಿರಬಾರದು. ರಸ್ತೆಯೊಳಕ್ಕೆ ಕಾಲಿಡುವವನ ಹೆಗಲು ಹಿಡಿದು ಹಿಂದಕ್ಕೆಳೆಯುವ ಹಕ್ಕು ಪಕ್ಕದಲ್ಲಿ ನಿಂತವನಿಗೆ ಉಂಟು. ಅದು ಅವನ ಕರ್ತವ್ಯವೂ ಹೌದು. ಮಗುವಿನ ಕೈಯನ್ನೂ ನಾಯಿಯ ಹಗ್ಗವನ್ನೂ ಬಿಗಿಯಾಗಿ ಹಿಡಿದು, ಸವಾರರು ಸಮೀಪಿಸಿದಾಗ ಒಂದು ಹೆಜ್ಜೆ ಹಿಂದೆ ಸರಿಯುವುದು ಯಾರಿಗೂ ಭಾರವಲ್ಲ. ಆ ಒಂದು ಹೆಜ್ಜೆಯನ್ನು ಜನರು ತಾವಾಗಿ ಹಿಂದಿಡದಿದ್ದರೆ, ಇಂದಲ್ಲ ನಾಳೆ ಕಾವಲುಗಾರರು ಅವರನ್ನು ನೂರು ಹೆಜ್ಜೆ ಹಿಂದಕ್ಕೆ ಅಟ್ಟುತ್ತಾರೆ. ಆಗ ಬೇಲಿಯನ್ನು ಕುರಿತು ದೂರುವ ಬಾಯಿ ಅವರಿಗೆ ಇರುವುದಿಲ್ಲ.