ಪಕ್ಕದ ಮನೆ ಪಾಯ ನಮ್ಮ ಸೈಟಿಗೂ ಆಗುತ್ತಾ?

ರಾಜಾನುಕುಂಟೆ ಸುತ್ತ ಈಗ ಎಲ್ಲಿ ನೋಡಿದರೂ ಲೇಔಟ್. ಸಿವಿಲ್ ಓದುವ ನಾವು ಪಾಯದ ಗುಂಡಿ ಕಂಡರೆ ಇಣುಕದೇ ಮುಂದೆ ಹೋಗಲ್ಲ. "ಎಷ್ಟು ಆಳ ಅಣ್ಣಾ?" ಅಂದರೆ ಮೇಸ್ತ್ರಿ ಹೇಳೋದು, "ಐದಡಿ. ಪಕ್ಕದವ್ರಿಗೂ ಅಷ್ಟೇ ಹಾಕಿದ್ದು."

ನಮ್ಮ ತಕರಾರು ಇರೋದೇ ಇಲ್ಲಿ. ಊರ ಹೆಸರಲ್ಲೇ ಕುಂಟೆ ಇದೆ, ಅಂದರೆ ಸಣ್ಣ ಕೆರೆ. ಈ ಭಾಗದಲ್ಲಿ ಕೆಂಪು ಮಣ್ಣಿನಡಿ ಬಂಡೆ ಇದೆ ನಿಜ, ಆದರೆ ಒಂದು ಸೈಟಿನಲ್ಲಿ ಮೂರಡಿಗೆ ಸಿಕ್ಕಿದ್ದು ಪಕ್ಕದ್ದರಲ್ಲೂ ಸಿಗಬೇಕೆಂದಿಲ್ಲ. ಹಳ್ಳ ಮುಚ್ಚಿ ಮಟ್ಟ ಮಾಡಿದ ಜಾಗವಾದರೆ ಕೇಳೋದೇ ಬೇಡ. ಇಡೀ ಮನೆ ಒಂದೇ ಸಮ ತುಸು ಇಳಿದರೆ ತಡೆದುಕೊಳ್ಳುತ್ತೆ. ಒಂದು ಮೂಲೆ ಬಂಡೆ ಮೇಲೆ, ಇನ್ನೊಂದು ತುಂಬಿದ ಮಣ್ಣಿನ ಮೇಲೆ ಕೂತರೆ ಗೋಡೆ ಓರೆಯಾಗಿ ಸೀಳುತ್ತೆ.

2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಕೂಲಿಯವರು ಸತ್ತಾಗ ನಮ್ಮ ಕ್ಲಾಸಲ್ಲೂ ಮಾತೆಲ್ಲ ಎಷ್ಟು ಮಹಡಿ ಅನ್ನೋದರದ್ದೇ. ಕೆಳಗಿನ ನೆಲದ ಬಗ್ಗೆ ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಪರೀಕ್ಷೆ ದೊಡ್ಡ ಮಾಯೆಯೇನಲ್ಲ. 63.5 ಕೆಜಿ ಸುತ್ತಿಗೆಯನ್ನು 75 ಸೆಂ.ಮೀ. ಮೇಲಿಂದ ಬಿಡ್ತಾ, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಏಟು ಬೇಕು ಅಂತ ಎಣಿಸೋದು. ನೀರಿಗೆ ಸಾವಿರ ಅಡಿ ಬೋರ್ ಕೊರೆಸುವ ಊರಿನವರು ಮಣ್ಣು ನೋಡಲು ಮೂವತ್ತಡಿ ಕೊರೆಸಲ್ಲ!

ಆದರೆ ಸಾಲ ಮಾಡಿ ಮೂವತ್ತು-ನಲವತ್ತರ ಸೈಟಲ್ಲಿ ಕಟ್ಟುವವರ ಮೇಲೆ ಇದನ್ನೂ ಹೇರೋದು ನ್ಯಾಯವಲ್ಲ. ಲೇಔಟ್ ಮಾಡಿದವರೇ ಮಣ್ಣು ಪರೀಕ್ಷೆ ಮಾಡಿಸಿ, ಎಲ್ಲೆಲ್ಲಿ ಎಷ್ಟು ಮಣ್ಣು ತುಂಬಿದ್ದಾರೆ ಅನ್ನೋ ನಕ್ಷೆಯನ್ನು ಸೈಟಿನ ಪತ್ರದ ಜೊತೆಗೇ ಕೊಡಬೇಕು. ಅಲ್ಲಿವರೆಗೆ ಕಾಂಕ್ರೀಟ್ ಸುರಿಯೋ ಮುಂಚೆ ನಾಲ್ಕೂ ಮೂಲೆಯ ಗುಂಡಿಗೆ ಒಬ್ಬ ಇಂಜಿನಿಯರ್‌ನ ಇಳಿಸಿ ತೋರಿಸಿ.