ಹಳೇ ಕಾರು ಕೊಳ್ಳುವಿರಾ? ಬೆಳಿಗ್ಗೆಯೇ ಹೋಗಿ ನೋಡಿ

ಕಳೆದ ಸಂಚಿಕೆಯಲ್ಲಿ ಮಾವಿನಮಿಡಿ ಉಪ್ಪಿನಕಾಯಿ ಬಗ್ಗೆ ಬರೆದವಳು ಈ ಸಲ ಕಾರಿನ ಎಂಜಿನ್ ಹಿಡಿದು ಕೂತಳಲ್ಲ ಅಂತ ಮೂಗು ಮುರಿಯಬೇಡಿ. ಓದುಗ ಸೋದರಿಯೊಬ್ಬರು ಬರೆದಿದ್ದಾರೆ. ಚೀಟಿ ಹಣ ಕೈಗೆ ಬಂದಿದೆ, ಮನೆಯವರು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರೊಂದನ್ನು ನೋಡಿಟ್ಟಿದ್ದಾರೆ. "ನಿನಗೇನು ಗೊತ್ತಾಗುತ್ತೆ, ಬಣ್ಣ ಒಪ್ಪಿಗೆಯಾ ಹೇಳು" ಅಂತಾರಂತೆ! ಮನೆಖರ್ಚಿನಲ್ಲಿ ಉಳಿಸಿ ತಿಂಗಳು ತಿಂಗಳು ಚೀಟಿ ಕಟ್ಟಿದವರು ಯಾರಮ್ಮಾ? ಬಣ್ಣ ನೋಡೋದಕ್ಕೆ ಮಾತ್ರ ನಾವೇ?

ಕಾರು ನೋಡಲು ಬೆಳಿಗ್ಗೆಯೇ ಹೋಗಿ. "ನಾವು ಬರೋ ತನಕ ಸ್ಟಾರ್ಟ್ ಮಾಡಬೇಡಿ" ಅಂತ ಮುಂಚೆಯೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಅವರು ಕೊಟ್ಟ ಕಾಫಿ ಕುಡಿದು ಬಂದುಬಿಡಿ, ಮಾರನೆಯ ದಿನ ಹೋದರಾಯಿತು. ಬಿಸಿಯಾದ ಎಂಜಿನ್ ತನ್ನ ಕಾಯಿಲೆ ಬಚ್ಚಿಡುತ್ತದೆ. ಸ್ಟಾರ್ಟ್ ಆಗಲು ತಿಣುಕುವುದು, ಹೊಗೆ ಉಗುಳುವುದು, ಟಕಟಕ ಸದ್ದು, ಇವೆಲ್ಲ ಚೆನ್ನಾಗಿ ಗೊತ್ತಾಗುವುದು ತಣ್ಣಗಿರುವಾಗಲೇ.

ಸ್ಟಾರ್ಟ್ ಮಾಡಿಸುವ ಮೊದಲು ಆಯಿಲ್ ನೋಡುವ ಕಡ್ಡಿ ತೆಗೆಸಿ, ಒರೆಸಿ, ಮತ್ತೆ ಅದ್ದಿ ತೆಗೆಸಿ. ಆಯಿಲ್ ಎರಡು ಗುರುತಿನ ನಡುವೆ ಇರಬೇಕು. ಕಪ್ಪಗಿದ್ದರೆ ಚಿಂತೆಯಿಲ್ಲ. ಹಾಲು ಬೆರೆಸಿದ ಕಾಫಿಯಂತಿದ್ದರೆ ಮಾತ್ರ ಒಳಗೆ ನೀರು ಸೇರಿದೆ ಅಂತ ಅರ್ಥ, ಆ ಕಾರು ಬೇಡವೇ ಬೇಡ. ರೇಡಿಯೇಟರಿನ ಮುಚ್ಚಳವನ್ನೂ ಆಗಲೇ ತೆಗೆಸಿ. ಎಂಜಿನ್ ಕಾದ ಮೇಲೆ ತೆಗೆದರೆ ಹಬೆಯಿಳಿಯದ ಕುಕ್ಕರ್ ತೆರೆದ ಹಾಗೇ, ಮುಖಕ್ಕೆ ರಾಚುತ್ತದೆ. ಒಳಗಿನ ನೀರಿನ ಮೇಲೆ ಎಣ್ಣೆ ತೇಲುತ್ತಿರಬಾರದು.

ಈಗ ಸ್ಟಾರ್ಟ್ ಮಾಡಿಸಿ, ನೀವು ಹಿಂದೆ ಹೋಗಿ ಹೊಗೆಕೊಳವೆಯ ಹತ್ತಿರ ನಿಲ್ಲಿ. ಚಳಿಯ ಬೆಳಿಗ್ಗೆ ತುಸು ಬಿಳಿ ಹಬೆ ಬಂದು ಕೆಲವು ನಿಮಿಷದಲ್ಲಿ ಮಾಯವಾದರೆ ಅದು ಬರೀ ನೀರಾವಿ. ಎಂಜಿನ್ ಕಾದ ಮೇಲೂ ದಟ್ಟವಾಗಿ ಬರುತ್ತಲೇ ಇದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚಾಗಿ ಉರಿಯುತ್ತಿದೆ, ಇದು ಎಷ್ಟೋ ಸಲ ಸಣ್ಣ ರಿಪೇರಿಯಲ್ಲೇ ಹೋಗುತ್ತೆ. ನೀಲಿ ಹೊಗೆಗೆ ಮಾತ್ರ ಹೆದರಿ. ಅದು ಆಯಿಲ್ ಉರಿಯುವ ಲಕ್ಷಣ. ಒಗ್ಗರಣೆ ಸೀದದ್ದನ್ನು ಹಜಾರದಲ್ಲೇ ಕೂತು ಹೇಳುವ ನಮ್ಮ ಮೂಗಿಗೆ ಎಣ್ಣೆ ಸುಟ್ಟ ವಾಸನೆ ತಿಳಿಯದೇ?

ನೀಲಿ ಹೊಗೆ ಯಾಕೆ ಬರುತ್ತೆ ಅಂತೀರಾ? ಕುಕ್ಕರಿನ ಗ್ಯಾಸ್ಕೆಟ್ ಸವೆದರೆ ಹಬೆಯೆಲ್ಲ ಸಂದಿಯಲ್ಲಿ ಹೋಗಿ ಸೀಟಿಯೇ ಬರೋದಿಲ್ಲ, ಅಲ್ಲವೇ? ಎಂಜಿನ್ನಿನ ಸಿಲಿಂಡರಿನೊಳಗೂ ಹಾಗೇ. ಪಿಸ್ಟನ್ ರಿಂಗು ಸವೆದರೆ ಒತ್ತಡ ಕೆಳಗೆ ಸೋರುತ್ತೆ, ಆಯಿಲ್ ಮೇಲೇರಿ ಉರಿಯುತ್ತೆ. ಇದನ್ನು ಅಳೆಯೋದಕ್ಕೆ ಕಂಪ್ರೆಷನ್ ಟೆಸ್ಟ್ ಅಂತ ಇದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಮೀಟರ್ ಸಿಕ್ಕಿಸಿ ಒಂದೊಂದು ಸಿಲಿಂಡರಿನ ಒತ್ತಡ ನೋಡುತ್ತಾರೆ. ಅಂಕಿಗಳು ಹತ್ತಿರ ಹತ್ತಿರ ಇರಬೇಕು. ಒಂದು ತೀರಾ ಕಡಿಮೆಯಿದ್ದರೆ ಆ ಸಿಲಿಂಡರಿಗೆ ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಆಗ ಒತ್ತಡ ಏರಿದರೆ ರಿಂಗು ಸವೆದಿದೆ ಎಂದು ಲೆಕ್ಕ, ಏರದಿದ್ದರೆ ವಾಲ್ವೋ ಗ್ಯಾಸ್ಕೆಟ್ಟೋ ನೋಡಬೇಕು. ರಿಂಗು ಹಾಕಿಸಲು ಎಂಜಿನ್ನನ್ನೇ ಬಿಚ್ಚಬೇಕಾಗುತ್ತೆ, ಉಳಿದ ಚೀಟಿ ದುಡ್ಡೂ ಅಲ್ಲೇ ಕರಗುತ್ತೆ.

ಈ ಟೆಸ್ಟ್ ನಿಮ್ಮ ಮೆಕ್ಯಾನಿಕ್ ಕೈಲಿ ಆಗಬೇಕು, ಮಾರುವವರ ಸ್ನೇಹಿತನ ಕೈಲಲ್ಲ. ಅದರ ಕೂಲಿ ನೀವೇ ಕೊಡಿ, ಚೌಕಾಸಿ ಬೇಡ. "ನಮ್ಮ ಮಾತಿನ ಮೇಲೆ ನಂಬಿಕೆ ಇಲ್ವಾ?" ಅಂತ ಅವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ಬೀಗರೇನೂ ಅಲ್ಲವಲ್ಲ!

ಆಮೇಲೆ ಏ.ಸಿ. ಹಾಕಿಸಿ, ಏರು ರಸ್ತೆಯಲ್ಲಿ ಒಂದು ಸುತ್ತು ಹೋಗಿಬನ್ನಿ. ಮೀಟರಿನ ಕಿಲೋಮೀಟರನ್ನು ಪೂರ್ತಿ ನಂಬಬೇಡಿ, ಅದನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ. ಸರ್ವಿಸ್ ಬಿಲ್ಲು ಕೇಳಿ. ಕಡಿಮೆ ಓಡಿದೆ ಅಂತಾರೆ, ಪೆಡಲಿನ ರಬ್ಬರ್ ನೋಡಿದರೆ ಸವೆದು ನುಣ್ಣಗಾಗಿರುತ್ತೆ!

ಮುಂಗಡ ಕೊಡುವ ಮೊದಲು ಎಂಜಿನ್ ನಂಬರು, ಚಾಸಿ ನಂಬರು ಎರಡನ್ನೂ ಆರ್.ಸಿ. ಜೊತೆ ತಾಳೆ ನೋಡಿ. ಬ್ಯಾಂಕ್ ಸಾಲ, ಹೆಸರು ವರ್ಗಾವಣೆಯ ವಿಚಾರ ಮುಂದಿನ ಸಲ ಬರೆಯುತ್ತೇನೆ.