ಅಪ್ಪನ ಗಾಳಕ್ಕೆ ಎಷ್ಟು ದೊಡ್ಡ ಉಂಗುರ?

ಅಪ್ಪ-ಅಮ್ಮನ ವೀಸಾ ಆಯ್ತು ಅಂದಾಗ ಖುಷಿಗಿಂತ ಮೊದಲು ಬಂದಿದ್ದು ಚಿಂತೆ. ತೀರ್ಥಹಳ್ಳಿ ಕಡೆ ತೋಟ ಸುತ್ತಿಕೊಂಡಿದ್ದ ಮನುಷ್ಯ ಡೆನ್ವರ್‌ನ ಅಪಾರ್ಟ್‌ಮೆಂಟಲ್ಲಿ ಆರು ತಿಂಗಳು ಏನು ಮಾಡ್ತಾರೆ? ನನಗೆ ಮೀನಿನ ಹುಚ್ಚು ಹಿಡಿಸಿದವರೇ ಅವರು. ತುಂಗೆ ದಡ, ವಾಟೆ ಕೋಲು, ಡಬ್ಬಿ ತುಂಬ ಎರೆಹುಳ. ಇಲ್ಲಿ ಸೌತ್ ಪ್ಲಾಟ್ ನದಿಯಲ್ಲಿ ಟ್ರೌಟ್ ಮೀನಿದೆ. ಸರಿ, ಅಪ್ಪನಿಗೊಂದು ಫ್ಲೈ ರಾಡ್ ಕಟ್ಟೋಣ ಅಂತ ಹೊರಟೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಫ್ಲೈ ಫಿಶಿಂಗಲ್ಲಿ ಗಾಳಕ್ಕೆ ಎರೆಹುಳ ಇಲ್ಲ, ಗರಿ-ನೂಲಿಂದ ಕಟ್ಟಿದ ನಕಲಿ ಹುಳ. ಅದಕ್ಕೆ ತೂಕವೇ ಇಲ್ಲದ್ದರಿಂದ ಎಸೆಯೋದು ದಪ್ಪ ಲೈನನ್ನ. ಆ ಲೈನ್ ಹಾದುಹೋಗೋಕೆ ಕೋಲಿನುದ್ದಕ್ಕೂ ಕಟ್ಟಿರೋ ಉಂಗುರಗಳೇ ಗೈಡ್‌ಗಳು. ಸಾಮಾನ್ಯ ಲೆಕ್ಕ ಅಡಿಗೊಂದು. 9 ಅಡಿಯ ರಾಡಿಗೆ ಒಂಬತ್ತೋ ಹತ್ತೋ, ತುದಿಯದ್ದು ಬೇರೆ.

ನನ್ನ ಮೊದಲ ರಾಡಲ್ಲಿ ಎಡವಿದ್ದು ಇಲ್ಲೇ. ಸೆರಾಮಿಕ್ ರಿಂಗ್ ಇರೋ ದುಬಾರಿ ಗೈಡ್‌ಗಳನ್ನೇ ಬುಡದಿಂದ ತುದಿವರೆಗೂ ಕಟ್ಟಿದ್ದೆ. ನೋಡೋಕೆ ಒಡವೆ ಥರ ಇತ್ತು. ಎಸೆದರೆ ಕೋಲು ಸೋಮಾರಿ. ಯಾಕೆ ಅಂದ್ರೆ ಬುಡದಲ್ಲಿ ಒಂದು ಗ್ರಾಂ ಹೆಚ್ಚಾದ್ರೆ ಗೊತ್ತಾಗಲ್ಲ, ತುದಿಯಲ್ಲಿ ಆ ಒಂದು ಗ್ರಾಮೇ ಕೋಲಿನ ಚುರುಕನ್ನು ತಿಂದುಹಾಕುತ್ತೆ. ಗೈಡ್ ಜೊತೆಗೆ ಅದನ್ನು ಹಿಡಿಯೋ ನೂಲು, ಅದರ ಮೇಲಿನ ಎಪಾಕ್ಸಿ, ಇವುಗಳ ತೂಕವನ್ನೂ ಲೆಕ್ಕಕ್ಕೆ ಹಿಡೀಬೇಕು. ನಾನು ಹಿಡಿದಿರಲಿಲ್ಲ.

ಅಪ್ಪನ ವಿಷಯದಲ್ಲಿ ತೊಡಕು ಎರಡು. ಬಲಭುಜ ನೋವು, ಹಾಗಾಗಿ ರಾಡ್ ಹಗುರ ಇರಬೇಕು. ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. ಸಣ್ಣ ಉಂಗುರಕ್ಕೆ ಲೈನ್ ಪೋಣಿಸೋದು ಕಷ್ಟ, ಹಾಗಾಗಿ ದೊಡ್ಡ ಉಂಗುರ ಬೇಕು. ಭುಜ ಒಂದು ಕೇಳುತ್ತೆ, ಕಣ್ಣು ಅದರ ಉಲ್ಟಾ ಕೇಳುತ್ತೆ. ಆಫೀಸಲ್ಲಿ ಇಂಥ ರಿಕ್ವೈರ್‌ಮೆಂಟ್ ಬಂದ್ರೆ ಮೀಟಿಂಗ್ ಕರೀತೀವಿ. ಇಲ್ಲಿ ನಾನೊಬ್ಬನೇ.

ಆಯ್ಕೆ ಎರಡಿದ್ದವು. ಒಂದು ಸ್ನೇಕ್ ಗೈಡ್: ಹಾವಿನಂತೆ ತಿರುಚಿದ ತಂತಿ, ಎರಡು ಕಾಲು, ಎರಡು ಕಡೆ ನೂಲು ಸುತ್ತಬೇಕು. ಇನ್ನೊಂದು ಸಿಂಗಲ್ ಫುಟ್: ದುಂಡನೆ ತಂತಿ ಉಂಗುರ, ಒಂದೇ ಕಾಲು, ಒಂದೇ ಸುತ್ತು. ನೂಲು, ಎಪಾಕ್ಸಿ ಕಮ್ಮಿ. ಅಲ್ಲಿ ಉಳಿದ ತೂಕದಲ್ಲಿ ಉಂಗುರವನ್ನು ಒಂದು ಸೈಜ್ ದೊಡ್ಡದು ಮಾಡಬಹುದಲ್ಲ! ಅದನ್ನೇ ಮಾಡಿದೆ. ಒಂಟಿಕಾಲಿನ ಗೈಡ್ ಎಳೆತಕ್ಕೆ ಜಾರಿ ಬರೋ ಭಯ ಇರುತ್ತೆ, ಅದಕ್ಕೆ ಉಂಗುರದ ಮುಂದೆಯೂ ನಾಲ್ಕೈದು ಸುತ್ತು ನೂಲು ಬಿಗಿದೆ. ಪ್ರತಿ ಗೈಡಿನ ಕಾಲನ್ನೂ ಅರದಿಂದ ತೆಳ್ಳಗೆ ಉಜ್ಜಿದೆ. ಚೂಪು ಅಂಚು ಬಿಟ್ಟರೆ ಗ್ರಾಫೈಟ್ ಕೋಲಿಗೆ ಗೀರು ಬಿದ್ದು ಮುಂದೊಂದು ದಿನ ಅಲ್ಲೇ ಮುರಿಯುತ್ತೆ.

ಸೆರಾಮಿಕ್ ಒಂದೇ ಒಂದು ಹಾಕಿದೆ, ಬುಡದ ಹತ್ತಿರದ ಸ್ಟ್ರಿಪ್ಪಿಂಗ್ ಗೈಡ್. ಎಡಗೈಯಿಂದ ಲೈನ್ ಎಳೆಯುವಾಗ ಹೆಚ್ಚು ಉಜ್ಜೋದು ಅಲ್ಲಿಯೇ. ಅದು 12ನೇ ನಂಬರ್, ಅಂದ್ರೆ ಸುಮಾರು 12 ಮಿಲಿಮೀಟರ್ ವ್ಯಾಸ. ಅದನ್ನು ಎಲ್ಲಿ ಕಟ್ಟಬೇಕು ಅನ್ನೋದು ಹಿಡಿಯುವವರ ಕೈ ಎಲ್ಲಿವರೆಗೆ ಎಟುಕುತ್ತೆ ಅನ್ನೋದರ ಮೇಲೆ. ವಿಡಿಯೋ ಕಾಲ್‌ನಲ್ಲಿ ಅಪ್ಪನ ಕೈಗೆ ಪೊರಕೆ ಕೋಲು ಕೊಡಿಸಿ, ಅಮ್ಮನ ಹತ್ರ ಟೇಪ್ ಹಿಡಿಸಿದೆ.

"ಮೀನು ಹಿಡಿಯೋಕೂ ಅಳತೆ ಕೊಡ್ಬೇಕಾ? ಬ್ಲೌಸ್ ಹೊಲಿಸ್ತಿದೀಯಾ?" ಅಂದರು ಅಮ್ಮ. ಅಳತೆ 28 ಇಂಚು ಬಂತು. ನನ್ನ ರಾಡಲ್ಲಿ ಅದು 31. ನನ್ನ ಅಳತೆಗೇ ಕಟ್ಟಿದ್ರೆ ಅಪ್ಪ ಪ್ರತಿ ಸಲ ಮುಂದಕ್ಕೆ ಬಾಗಬೇಕಿತ್ತು.

ಉಳಿದ ಗೈಡ್‌ಗಳನ್ನು ಮೊದಲು ಬರೀ ಟೇಪಲ್ಲಿ ಅಂಟಿಸಿ, ಲೈನ್ ಪೋಣಿಸಿ, ತುದಿಗೆ ಭಾರ ಕಟ್ಟಿ ಕೋಲು ಬಗ್ಗಿಸಿದೆ. ಲೈನ್ ಕೋಲಿನ ಬಾಗನ್ನೇ ಅನುಸರಿಸಬೇಕು. ಎರಡು ಗೈಡ್ ನಡುವೆ ಅದು ಬಾಗು ಬಿಟ್ಟು ನೇರ ಅಡ್ಡಹಾಯ್ದರೆ ಅಲ್ಲಿ ಅಂತರ ಹೆಚ್ಚಾಗಿದೆ ಅಂತ ಅರ್ಥ. ನಾಲ್ಕು ರಾತ್ರಿ ಸರಿಸಿ ಸರಿಸಿ ಆಮೇಲೆ ನೂಲು ಸುತ್ತಿದೆ.

ಮೇ ತಿಂಗಳ ಒಂದು ಶನಿವಾರ ನದಿಗೆ ಹೋದೆವು. ಲೈನಿನ ತುದಿ ಹಿಡಿದು ಪೋಣಿಸಬಾರದು, ದಪ್ಪ ಲೈನನ್ನೇ ಮಡಚಿ ಕುಣಿಕೆ ಮಾಡಿ ತೂರಿಸಬೇಕು, ಕೈ ಜಾರಿದರೂ ಪೂರ್ತಿ ವಾಪಸ್ ಬೀಳಲ್ಲ ಅಂತ ತೋರಿಸಿಕೊಟ್ಟೆ. ಅಪ್ಪ ಕನ್ನಡಕ ಏರಿಸಿ ಶುರು ಮಾಡಿದರು. ಪೂರ್ತಿ ಪೋಣಿಸಿದ ಮೇಲೆ ನೋಡಿದರೆ ಐದನೇ ಉಂಗುರ ತಪ್ಪಿಹೋಗಿತ್ತು. ನಾನು ಕೈ ಚಾಚಿದೆ.

"ಬಿಡು ಮಾರಾಯ, ನನಗೆ ಕಾಣ್ತದೆ" ಅಂದು ಎಲ್ಲ ಎಳೆದು ಮತ್ತೆ ಮೊದಲಿಂದ ಪೋಣಿಸಿದರು. ಹತ್ತು ನಿಮಿಷ ಹಿಡೀತು. ನಾನು ನೀರು ನೋಡ್ತಾ ಸುಮ್ಮನೆ ನಿಂತಿದ್ದೆ.

ಅವತ್ತು ಒಂದು ಮೀನೂ ಸಿಗಲಿಲ್ಲ. ವಾಪಸ್ ಬರುವಾಗ ಕಾರಲ್ಲಿ ಭುಜ ಹೇಗಿದೆ ಅಂತ ಕೇಳಿದೆ. "ಭುಜಕ್ಕೇನಾಗಿದೆ? ನಾಳೆ ಎಷ್ಟು ಗಂಟೆಗೆ ಹೊರಡೋದು?" ಅಂದರು.

ನಿಮ್ಮ ಮನೆಯವರಿಗೆ ಅಂತ ನೀವೇನಾದ್ರೂ ಕೈಯಾರೆ ಮಾಡಿದ್ದೀರಾ? ಅಳತೆ ಯಾರದ್ದು ತಗೊಂಡ್ರಿ, ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.